ಬೆಳ್ಳಿಯ ಎಳೆ, ಗಾಜಿನ ಬಣ್ಣ

ದಾವಣಗೆರೆ ಸೀಮೆಯ ಕುಕ್ಕುವಾಡದಂಥ ಊರಿನಲ್ಲಿ ಹಳೆಯ ಬೆಳ್ಳಿಯನ್ನು ಹುಡುಕುವವರು ಮೊದಲು ನೋಡಬೇಕಾದದ್ದು ಪೆಟ್ಟಿಗೆಯನ್ನಲ್ಲ, ಹಿರಿಯರ ಕೊರಳನ್ನು. ಇಷ್ಟಲಿಂಗವನ್ನಿಡುವ ಬೆಳ್ಳಿಯ ಕರಡಿಗೆ ಅಲ್ಲಿರುತ್ತದೆ. ಇದೇ ಜಿಲ್ಲೆಯ ಲಂಬಾಣಿ ತಾಂಡಾಗಳಲ್ಲಿ ಮುತ್ತೈದೆಯರ ಕೆನ್ನೆಯ ಪಕ್ಕ ತೂಗುತ್ತಿದ್ದ ಘುಗರಿ ಇನ್ನೊಂದು ಬಗೆ. ಅರಮನೆ, ದೇವಸ್ಥಾನಗಳ ಬಂಗಾರಕ್ಕೆ ಲೆಕ್ಕಪತ್ರವುಂಟು. ಹಳ್ಳಿಯ ಬೆಳ್ಳಿಗೆ ಅದೆಲ್ಲಿ ಬರಬೇಕು? ಸವೆದಾಗ, ಬರ ಬಂದಾಗ ಅದು ಮೂಸೆ ಸೇರುತ್ತದೆ. ಅಜ್ಜಿಯ ಕಡಗ ಮೊಮ್ಮಗಳ ಕಾಲ್ಗೆಜ್ಜೆಯಾಗುತ್ತದೆ. ಲೋಹ ಉಳಿಯುತ್ತದೆ, ಮಾಡಿದವನ ಕೈಗುರುತು ಅಳಿಯುತ್ತದೆ.

ನಮ್ಮ ನಾಡಿನಲ್ಲಿ ಬೆಳ್ಳಿತಂತಿಯ ಕೆಲಸ ಹೀಗೆ ಕರಗಿಹೋಗದೆ ನಿಂತದ್ದು ಬೀದರಿನಲ್ಲಿ. ಸತು ಮತ್ತು ತಾಮ್ರದ ಎರಕದ ಮೇಲೆ ಉಳಿಯಿಂದ ಗೆರೆ ಕೊರೆದು, ಅದರೊಳಗೆ ಬೆಳ್ಳಿಯ ತಂತಿಯನ್ನು ಬಡಿದು ಕೂರಿಸುತ್ತಾರೆ. ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಡನೆ ಕುದಿಸಿ ಅದರಲ್ಲಿ ಅದ್ದಿದರೆ ಎರಕ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಹೊಳೆಯುತ್ತದೆ. ಇದರಲ್ಲಿ ಬೆಳ್ಳಿ ಕಡಿಮೆ, ಕರಗಿಸಿದರೆ ಗಿಟ್ಟುವುದೂ ಕಡಿಮೆ. ಉಳಿದುಬಂದುದಕ್ಕೆ ಅದೂ ಒಂದು ಕಾರಣವಿರಬೇಕು. 2006ರಲ್ಲಿ ಬಿದರಿಗೆ ಭೌಗೋಳಿಕ ಗುರುತು ದೊರೆಯಿತು. 2023ರಲ್ಲಿ ಅಲ್ಲಿನ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂತು. ಹೂಜಿ, ಹುಕ್ಕಾಗಳ ಜತೆಗೆ ಈಗ ಬಿದರಿಯ ಓಲೆ, ಪದಕಗಳೂ ಇವೆ.

ತೆಲಂಗಾಣದ ಕರೀಂನಗರದಲ್ಲಿ, ಒಡಿಶಾದ ಕಟಕ್‌ನಲ್ಲಿ ತಳವೇ ಇಲ್ಲ, ತಂತಿಯೇ ಒಡವೆ. ಕಂಬಚ್ಚಿನ ತೂತುಗಳಲ್ಲಿ ಎಳೆದು ಕೂದಲೆಳೆಯಷ್ಟು ಸಣ್ಣಗೆ ಮಾಡಿದ ಎರಡು ತಂತಿಗಳನ್ನು ಹೊಸೆದು, ಸುರುಳಿ ಸುತ್ತಿ, ಬಿಳಿಗಾರ ಹಚ್ಚಿ ಬೆಸೆಯುತ್ತಾರೆ. ಈ ಸುರುಳಿಗಳ ನಡುವಿನ ಕಿಂಡಿಗಳಿಗೆ ಬಣ್ಣದ ಗಾಜಿನ ಪುಡಿ ತುಂಬಿ ಕುಲುಮೆಗಿಟ್ಟರೆ ಅದೇ ಮೀನಾಕಾರಿ, ಇಂದಿನವರ ಎನಾಮಲ್. ಕೋಬಾಲ್ಟಿನಿಂದ ನೀಲಿ ಬರುತ್ತದೆ. ಹಿಮಾಚಲದ ಕಾಂಗ್ರಾದ ಬೆಳ್ಳಿಯೊಡವೆಗಳು ಇಂಥ ನೀಲಿ, ಹಸಿರಿಗೇ ಹೆಸರಾದವು. ಕಷ್ಟವಿರುವುದು ಶಾಖದಲ್ಲಿ. ಗಾಜು ಸುಮಾರು 800 ಡಿಗ್ರಿಯಲ್ಲಿ ಕರಗಿ ಹರಡಬೇಕು, ಬೆಳ್ಳಿ 961ಕ್ಕೆ ನೀರಾಗುತ್ತದೆ. ಬೆಸುಗೆ ಅದಕ್ಕೂ ಮೊದಲೇ ಸಡಿಲಬಹುದು. ಕಣ್ಣು ಕೊಂಚ ಆಚೀಚೆಯಾದರೆ ವಾರದ ದುಡಿಮೆ ಹೋಯಿತು.

ತಂತಿಯನ್ನು ಬಟ್ಟೆಯಂತೆ ನೇಯುವುದು ಇನ್ನೊಂದು ದಾರಿ. ಅಮೆರಿಕದ ಆರ್ಲೀನ್ ಫಿಶ್ (1931–2024) ನೇಯ್ಗೆ, ಹೆಣಿಗೆಗಳನ್ನು ಲೋಹಕ್ಕೆ ತಂದರು. 1975ರಲ್ಲಿ ಅದನ್ನು ಕುರಿತು ಪುಸ್ತಕವನ್ನೇ ಬರೆದರು. ಹತ್ತಿ ಗಿರಣಿಗಳಿಗೆ ಹೆಸರಾಗಿದ್ದ ದಾವಣಗೆರೆಯವರಿಗೆ ಹಾಸು ಹೊಕ್ಕೆಂದರೇನೆಂದು ಹೇಳಿಕೊಡಬೇಕಾಗಿಲ್ಲ. ನೂಲಿನ ಜಾಗದಲ್ಲಿ ಬೆಳ್ಳಿಯನ್ನು ಇಟ್ಟುಕೊಳ್ಳಿ. ಒಂದೇ ವ್ಯತ್ಯಾಸ: ಬಾಗಿಸಿದಷ್ಟೂ ಬೆಳ್ಳಿ ಗಡುಸಾಗುತ್ತದೆ. ನಡುನಡುವೆ ಕಾಯಿಸಿ ಹದಕ್ಕೆ ತರದಿದ್ದರೆ ಎಳೆ ಕೈಯಲ್ಲೇ ಮುರಿಯುತ್ತದೆ.