ಮುಖ್ಯಮಂತ್ರಿ ಪದವಿಯೂ ಬಹುಮತದ ನಿರ್ಣಯವೂ: ಮೈಸೂರು–ಕರ್ನಾಟಕದ ಇತಿಹಾಸದಿಂದ ಕೆಲವು ಪ್ರಸಂಗಗಳು

ರಾಜ್ಯ ಸರಕಾರದ ಮುಖ್ಯಸ್ಥನು ಜನರಿಂದ ಚುನಾಯಿತನಾದ ನಾಯಕನೆಂಬುದು ಸರ್ವವಿದಿತವಾದ ಮಾತು. ಆದರೆ ಆತನನ್ನು ಆರಿಸುವವರು ಯಾರು, ಆತನನ್ನು ಇಳಿಸುವವರು ಯಾರು ಎಂದು ವಿದ್ಯಾರ್ಥಿಯೊಬ್ಬನು ಕೇಳಿದರೆ ಉತ್ತರ ಹೇಳುವುದು ಅಷ್ಟು ಸುಲಭವಲ್ಲ. ಭಾರತ ಸಂವಿಧಾನದ ೧೬೪ನೆಯ ಅನುಚ್ಛೇದವು ಮುಖ್ಯಮಂತ್ರಿಯನ್ನು ರಾಜ್ಯಪಾಲರು ನೇಮಿಸತಕ್ಕದ್ದೆಂದೂ, ಮಂತ್ರಿಮಂಡಲವು ವಿಧಾನಸಭೆಗೆ ಸಾಮೂಹಿಕವಾಗಿ ಹೊಣೆಯಾಗಿರತಕ್ಕದ್ದೆಂದೂ ವಿಧಿಸುತ್ತದೆ. ಮುಖ್ಯಮಂತ್ರಿಯ ವಿಷಯದಲ್ಲಿ ‘ಚುನಾವಣೆ’ ಎಂಬ ಶಬ್ದವನ್ನೇ ಅದು ಬಳಸಿಲ್ಲ. ಕ್ಷೇತ್ರದ ಮತದಾರರು, ಪಕ್ಷದ ಶಾಸಕರು, ವಿಧಾನಸಭೆ ಎಂಬ ಮೂರು ಸಮುದಾಯಗಳಲ್ಲಿ ಕೊನೆಯ ಮಾತು ಯಾವುದರದು ಎಂಬ ಪ್ರಶ್ನೆಯು ಹೀಗೆ ಆಚರಣೆಗೆ ಬಿಟ್ಟ ವಿಷಯವಾಯಿತು. ಆ ಆಚರಣೆಯು ನಮ್ಮ ರಾಜ್ಯದಲ್ಲಿ ಬೆಳೆದುಬಂದ ಬಗೆಯನ್ನು ಇಲ್ಲಿ ವಿಮರ್ಶಿಸಲು ಯತ್ನಿಸಿದ್ದೇವೆ.

ಮೈಸೂರಿನಲ್ಲಿ ಪ್ರಾತಿನಿಧ್ಯದ ಪರಂಪರೆ ಹಳೆಯದು. ದಿವಾನ ರಂಗಾಚಾರ್ಲು ಅವರ ಕಾಲದಲ್ಲಿ, ೧೮೮೧ರಲ್ಲಿ, ಪ್ರಜಾಪ್ರತಿನಿಧಿ ಸಭೆಯು ಸ್ಥಾಪಿತವಾಯಿತು. ೧೯೦೭ರಲ್ಲಿ ನ್ಯಾಯವಿಧಾಯಕ ಸಭೆಯೂ ಅದರ ಜೊತೆಗೂಡಿತು. ಆದರೆ ಈ ಸಭೆಗಳಲ್ಲಿ ಎಷ್ಟೇ ಟೀಕೆ ನಡೆದರೂ ದಿವಾನರ ಆಸನ ಕದಲುತ್ತಿರಲಿಲ್ಲ. ದಿವಾನರು ಉತ್ತರ ಹೇಳಬೇಕಾಗಿದ್ದುದು ಸಭೆಗಲ್ಲ, ಅರಮನೆಗೆ. ಸಂಸ್ಥಾನದ ಹೊರಗಿನ ಕನ್ನಡಿಗರು ಈ ವಿಷಯದಲ್ಲಿ ಒಂದು ಹೆಜ್ಜೆ ಮುಂದಿದ್ದರೆನ್ನಬಹುದು. ೧೯೩೫ರ ಕಾಯಿದೆಯನ್ವಯ ೧೯೩೭ರಲ್ಲಿ ಮುಂಬಯಿ ಮತ್ತು ಮದರಾಸು ಪ್ರಾಂತಗಳಲ್ಲಿ ಚುನಾಯಿತ ಮಂತ್ರಿಮಂಡಲಗಳು ಅಧಿಕಾರ ವಹಿಸಿದಾಗ ಧಾರವಾಡ, ಮಂಗಳೂರುಗಳ ಜನರು ಅಂಥ ಆಡಳಿತವನ್ನು ಎರಡು ವರ್ಷಗಳ ಮಟ್ಟಿಗಾದರೂ ಕಂಡಿದ್ದರು.

ಮೈಸೂರಿನಲ್ಲಿ ಪರಿವರ್ತನೆಯಾದದ್ದು ೧೯೪೭ರಲ್ಲಿ. ಆಗಸ್ಟಿನಲ್ಲಿ ಸಂಸ್ಥಾನವು ಭಾರತಕ್ಕೆ ಸೇರ್ಪಡೆಯಾದರೂ ಜವಾಬ್ದಾರಿ ಸರಕಾರ ಬರಲಿಲ್ಲ. ಸೆಪ್ಟೆಂಬರಿನಲ್ಲಿ ‘ಮೈಸೂರು ಚಲೋ’ ಚಳವಳಿಯು ಆರಂಭವಾಯಿತು; ಅಕ್ಟೋಬರಿನಲ್ಲಿ ಒಪ್ಪಂದವಾಗಿ, ಅದೇ ತಿಂಗಳ ೨೫ರಂದು ಶ್ರೀ ಕೆ. ಚೆಂಗಲರಾಯ ರೆಡ್ಡಿಯವರ ಮಂತ್ರಿಮಂಡಲವು ಅಧಿಕಾರಕ್ಕೆ ಬಂದಿತು. ಇಲ್ಲಿ ಎರಡು ಅಂಶಗಳನ್ನು ಮರೆಯಬಾರದು. ಮೊದಲನೆಯದಾಗಿ, ಈ ಮಂತ್ರಿಮಂಡಲವು ಮತಪೆಟ್ಟಿಗೆಯಿಂದ ಹುಟ್ಟಿದ್ದಲ್ಲ, ಚಳವಳಿಯಿಂದಲೂ ಸಂಧಾನದಿಂದಲೂ ಹುಟ್ಟಿದ್ದು. ಎರಡನೆಯದಾಗಿ, ದಿವಾನಗಿರಿಯು ಆಗಲೇ ಮುಗಿಯಲಿಲ್ಲ. ಸರ್ ಆರ್ಕಾಟ್ ರಾಮಸ್ವಾಮಿ ಮೊದಲಿಯಾರ್ ಅವರು ೧೯೪೯ರವರೆಗೆ ದಿವಾನರಾಗಿಯೇ ಉಳಿದರು. ಒಂದೇ ಸರಕಾರದಲ್ಲಿ ಮಹಾರಾಜರ ದಿವಾನರೂ ಪ್ರಜೆಗಳ ಮುಖ್ಯಮಂತ್ರಿಯೂ ಏಕಕಾಲಕ್ಕೆ ಇದ್ದ ಆ ಅವಧಿಯು ಇತಿಹಾಸಕಾರರಿಂದ ಪಡೆದ ಗಮನ ಸಾಲದೆಂದೇ ನಮ್ಮ ಭಾವನೆ. ೧೯೫೦ರ ಜನವರಿ ೨೬ರಂದು ಮಹಾರಾಜ ಶ್ರೀ ಜಯಚಾಮರಾಜ ಒಡೆಯರು ರಾಜಪ್ರಮುಖರಾದರು. ವಯಸ್ಕ ಮತದಾನದ ಮೂಲಕ ಆರಿಸಿಬಂದ ವಿಧಾನಸಭೆಗೆ ಹೊಣೆಯಾದ ಮೊದಲ ಸರಕಾರವು ೧೯೫೨ರ ಮಾರ್ಚಿಯಲ್ಲಿ ಶ್ರೀ ಕೆಂಗಲ್ ಹನುಮಂತಯ್ಯನವರದು. ೯೯ ಸ್ಥಾನಗಳ ಸಭೆಯಲ್ಲಿ ಕಾಂಗ್ರೆಸ್ಸಿಗೆ ೭೪ ಸ್ಥಾನಗಳು ದೊರೆತಿದ್ದುವು.

ಇಷ್ಟು ಬಲವಿದ್ದೂ ಹನುಮಂತಯ್ಯನವರು ಐದು ವರ್ಷ ಪೂರೈಸಲಿಲ್ಲ. ಸ್ವಪಕ್ಷದ ಶಾಸಕರ ವಿಶ್ವಾಸ ತಪ್ಪಿದ್ದರಿಂದ ೧೯೫೬ರ ಆಗಸ್ಟಿನಲ್ಲಿ ಅವರು ಪದವಿಯನ್ನು ಬಿಟ್ಟರು. ತಾವು ಕಟ್ಟಿಸಿದ ವಿಧಾನ ಸೌಧವು ಪೂರ್ಣಗೊಂಡ ವರ್ಷವೇ ಅವರ ಅಧಿಕಾರವೂ ಮುಗಿಯಿತು. ಅದೇ ನವೆಂಬರಿನಲ್ಲಿ ಏಕೀಕೃತ ರಾಜ್ಯದ ಮುಖ್ಯಮಂತ್ರಿಯಾದ ಶ್ರೀ ಎಸ್. ನಿಜಲಿಂಗಪ್ಪನವರಿಗೂ ೧೯೫೮ರ ಮೇ ತಿಂಗಳಲ್ಲಿ ಇದೇ ಅನುಭವವಾಯಿತು. ಪಕ್ಷದೊಳಗಿನ ಭಿನ್ನಮತದ ಫಲವಾಗಿ ಶ್ರೀ ಬಿ. ಡಿ. ಜತ್ತಿಯವರು ಆ ಸ್ಥಾನಕ್ಕೆ ಬಂದರು. ಎರಡು ಪ್ರಸಂಗಗಳಲ್ಲಿಯೂ ವಿರೋಧಪಕ್ಷಗಳ ಪಾತ್ರ ಅಲ್ಪ. ಒಂದೇ ಪಕ್ಷವು ಪ್ರಬಲವಾಗಿದ್ದ ಆ ಕಾಲದಲ್ಲಿ ಸರಕಾರದ ಅಳಿವು ಉಳಿವು ತೀರ್ಮಾನವಾಗುತ್ತಿದ್ದುದು ಶಾಸಕ ಪಕ್ಷದ ಸಭೆಯಲ್ಲಿ. ಆ ಸಭೆಗೆ ಸಾರ್ವಜನಿಕರಿಗಾಗಲಿ ವರದಿಗಾರರಿಗಾಗಲಿ ಪ್ರವೇಶವಿರಲಿಲ್ಲ.

ಮತದಾರನಿಗೂ ಪಕ್ಷಕ್ಕೂ ಇದ್ದ ಅಂತರವು ಸ್ಪಷ್ಟವಾಗಿ ಕಂಡುಬಂದದ್ದು ೧೯೬೨ರಲ್ಲಿ. ಆ ವರ್ಷದ ಚುನಾವಣೆಯಲ್ಲಿ ಕಾಂಗ್ರೆಸ್ ೨೦೮ರಲ್ಲಿ ೧೩೮ ಸ್ಥಾನಗಳನ್ನು ಗೆದ್ದಿತು. ಆದರೆ ಅದರ ಪ್ರಮುಖ ನಾಯಕರಾದ ನಿಜಲಿಂಗಪ್ಪನವರು ಹೊಸದುರ್ಗದಲ್ಲಿ ಸೋತರು. ಸದಸ್ಯರಲ್ಲದವರೂ ಆರು ತಿಂಗಳವರೆಗೆ ಮಂತ್ರಿಯಾಗಿರಲು ಸಂವಿಧಾನವು ಅವಕಾಶ ನೀಡುತ್ತದೆ. ಮದರಾಸಿನಲ್ಲಿ ೧೯೫೨ರಲ್ಲಿ ಶ್ರೀ ರಾಜಗೋಪಾಲಾಚಾರಿಯವರು ಚುನಾವಣೆಗೇ ನಿಲ್ಲದೆ, ವಿಧಾನ ಪರಿಷತ್ತಿಗೆ ನಾಮಕರಣ ಹೊಂದಿ ಮುಖ್ಯಮಂತ್ರಿಯಾಗಿದ್ದ ನಿದರ್ಶನವೂ ಇತ್ತು. ಮೈಸೂರಿನಲ್ಲಿ ಆ ದಾರಿಯನ್ನು ಹಿಡಿಯಲಿಲ್ಲ. ಹಿಂದಿನ ವಿಧಾನಸಭೆಯ ಅಧ್ಯಕ್ಷರಾಗಿದ್ದ ಶ್ರೀ ಎಸ್. ಆರ್. ಕಂಠಿಯವರು ಮಾರ್ಚಿ ೧೪ರಂದು ಮುಖ್ಯಮಂತ್ರಿಯಾದರು. ನಿಜಲಿಂಗಪ್ಪನವರು ಬಾಗಲಕೋಟೆಯಿಂದ ಉಪಚುನಾವಣೆಯಲ್ಲಿ ಆರಿಸಿಬಂದೊಡನೆ, ಜೂನ್ ತಿಂಗಳಲ್ಲಿ, ಕಂಠಿಯವರು ಸ್ಥಾನವನ್ನು ಬಿಟ್ಟುಕೊಟ್ಟು ಹೊಸ ಸಂಪುಟದಲ್ಲಿ ಮಂತ್ರಿಯಾದರು. ಇದನ್ನು ಭರತನ ಪಾದುಕಾ ರಾಜ್ಯಕ್ಕೆ ಹೋಲಿಸಿ ಕೊಂಡಾಡುವವರುಂಟು. ಕಂಠಿಯವರ ಸೌಜನ್ಯವನ್ನು ನಾವೂ ಮೆಚ್ಚುತ್ತೇವೆ. ಆದರೆ ಈ ಹೋಲಿಕೆಯಲ್ಲಿ ಹೊಸದುರ್ಗದ ಮತದಾರನಿಗೆ ಸ್ಥಳವಿಲ್ಲ. ಆತನ ತೀರ್ಪು ನೂರು ದಿನಗಳಷ್ಟು ಕಾಲ ಮಾನ್ಯವಾಗಿದ್ದು, ಅನಂತರ ಬೇರೊಂದು ಜಿಲ್ಲೆಯ ತೀರ್ಪಿನಿಂದ ಬದಲಾಯಿತು. ಆರು ತಿಂಗಳ ಸವಲತ್ತನ್ನು ಬಳಸಿಕೊಳ್ಳದಿದ್ದುದು ಮತದಾರನಿಗೆ ತೋರಿದ ಮರ್ಯಾದೆಯೆಂದು ವಾದಿಸಬಹುದು. ಪಕ್ಷವು ಸ್ಥಾನವನ್ನು ಕಾದಿರಿಸಿತ್ತೆಂಬುದಂತೂ ಮುಂದಿನ ಘಟನೆಗಳಿಂದಲೇ ಸಿದ್ಧವಾಗುತ್ತದೆ.

೧೯೬೯ರಲ್ಲಿ ಕಾಂಗ್ರೆಸ್ ಒಡೆದ ಮೇಲೆ ಶಾಸಕ ಪಕ್ಷದ ಸಭೆಯ ನಿರ್ಣಯವೂ ಸಾಲದಾಯಿತು. ೧೯೭೧ರ ಮಾರ್ಚಿಯಲ್ಲಿ ಪಕ್ಷಾಂತರಗಳ ನಡುವೆ ಶ್ರೀ ವೀರೇಂದ್ರ ಪಾಟೀಲರ ಸರಕಾರವು ಬಿದ್ದು, ರಾಜ್ಯವು ಒಂದು ವರ್ಷಕಾಲ ರಾಷ್ಟ್ರಪತಿಗಳ ಆಳಿಕೆಗೆ ಒಳಗಾಯಿತು. ಶ್ರೀ ದೇವರಾಜ ಅರಸು ಅವರ ಆಡಳಿತ, ೧೯೭೩ರ ನಾಮಾಂತರ, ೧೯೮೩ರಲ್ಲಿ ಶ್ರೀ ರಾಮಕೃಷ್ಣ ಹೆಗಡೆಯವರ ಮೊದಲ ಕಾಂಗ್ರೆಸ್ಸೇತರ ಸರಕಾರ, ಇವು ಪ್ರತ್ಯೇಕ ಲೇಖನಗಳಿಗೆ ಯೋಗ್ಯವಾದ ವಿಷಯಗಳು. ನಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದುದು ಹೆಗಡೆಯವರ ಬಳಿಕ ೧೯೮೮ರ ಆಗಸ್ಟಿನಲ್ಲಿ ಅಧಿಕಾರಕ್ಕೆ ಬಂದ ಶ್ರೀ ಎಸ್. ಆರ್. ಬೊಮ್ಮಾಯಿಯವರ ಪ್ರಕರಣ.

೧೯೮೯ರ ಏಪ್ರಿಲಿನಲ್ಲಿ ಬೆಂಬಲವನ್ನು ಹಿಂತೆಗೆದುಕೊಂಡಿರುವುದಾಗಿ ೧೯ ಶಾಸಕರ ಪತ್ರಗಳು ರಾಜ್ಯಪಾಲರ ಕೈಸೇರಿದುವು. ಅವರಲ್ಲಿ ಏಳು ಮಂದಿ ಮರುದಿನವೇ ಮಾತು ಬದಲಿಸಿದರು. ಒಂದು ವಾರದೊಳಗೆ ಅಧಿವೇಶನವನ್ನು ಕರೆದು ಬಹುಮತವನ್ನು ತೋರಿಸುವುದಾಗಿ ಬೊಮ್ಮಾಯಿಯವರು ತಿಳಿಸಿದರೂ ರಾಜ್ಯಪಾಲರು ಒಪ್ಪಲಿಲ್ಲ. ೨೧ರಂದು ಸರಕಾರವು ವಜಾ ಆಯಿತು. ರಾಜ್ಯದ ಉಚ್ಚ ನ್ಯಾಯಾಲಯವು ಅರ್ಜಿಯನ್ನು ತಳ್ಳಿಹಾಕಿತು. ೧೯೯೪ರ ಮಾರ್ಚಿ ೧೧ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರ ಪೀಠವು ಆ ವಜಾ ಸಂವಿಧಾನಬಾಹಿರವೆಂದು ತೀರ್ಮಾನಿಸಿ, ಮಂತ್ರಿಮಂಡಲದ ಬಲಾಬಲವನ್ನು ಪರೀಕ್ಷಿಸತಕ್ಕ ಸ್ಥಳ ಸದನವೇ ಹೊರತು ರಾಜಭವನವಲ್ಲವೆಂಬ ತತ್ತ್ವವನ್ನು ಸ್ಥಾಪಿಸಿತು. ಬೊಮ್ಮಾಯಿಯವರಿಗೆ ಇದರಿಂದ ಪದವಿ ಮರಳಿ ಬರುವಂತಿರಲಿಲ್ಲ. ಅಷ್ಟರಲ್ಲಿ ಹೊಸ ಚುನಾವಣೆ ನಡೆದು ನಾಲ್ಕು ವರ್ಷ ಕಳೆದಿತ್ತು. ೧೮೮೧ರ ಸಭೆಗೆ ಇಲ್ಲದಿದ್ದ ಅಧಿಕಾರವು ವಿಧಾನಸಭೆಗೆ ಸಂವಿಧಾನದ ಅಕ್ಷರದಲ್ಲಿ ೧೯೫೦ರಲ್ಲಿಯೇ ದೊರೆತಿದ್ದರೂ ಆಚರಣೆಯಲ್ಲಿ ಭದ್ರವಾದದ್ದು ಈ ತೀರ್ಪಿನಿಂದಲೇ ಎಂದು ನಾವು ತಿಳಿಯುತ್ತೇವೆ.

ಆದರೆ ತೀರ್ಪು ಎಣಿಕೆಯ ಸ್ಥಳವನ್ನು ನಿಗದಿಮಾಡಿತೇ ಹೊರತು ಎಣಿಸಬೇಕಾದವರ ಹಾಜರಿಯನ್ನಲ್ಲ. ೨೦೧೯ರ ಜುಲೈ ೨೩ರಂದು ಶ್ರೀ ಎಚ್. ಡಿ. ಕುಮಾರಸ್ವಾಮಿಯವರ ವಿಶ್ವಾಸ ಮತ ಯಾಚನೆಯು ಹಲವು ದಿನಗಳ ಚರ್ಚೆಯ ಬಳಿಕ ಸದನದಲ್ಲಿಯೇ ಮತಕ್ಕೆ ಬಂದು, ಪರವಾಗಿ ೯೯, ವಿರುದ್ಧವಾಗಿ ೧೦೫ ಮತಗಳಿಂದ ಬಿದ್ದುಹೋಯಿತು. ಅದಕ್ಕೆ ಮುಂಚೆಯೇ ರಾಜೀನಾಮೆಗಳನ್ನು ಸಲ್ಲಿಸಿದ್ದ ಆಳುವ ಪಕ್ಷಗಳ ಸದಸ್ಯರು ಆ ದಿನ ಸದನಕ್ಕೆ ಬಂದಿರಲಿಲ್ಲ; ಅವರಲ್ಲಿ ಹೆಚ್ಚಿನವರು ಮುಂಬಯಿಯಲ್ಲಿದ್ದರು.