ಮೆಮೊರಿ ಕಾರ್ಡುಗಳ ಬಸ್ ವಿಸ್ತಾರ: ಲಿನಕ್ಸ್ ಕರ್ನೆಲಿನ ಡ್ರೈವರುಗಳಲ್ಲಿ ಹೇಳಿಕೆ ಮತ್ತು ಪ್ರಮಾಣ

1997ರಲ್ಲಿ ಸ್ಯಾನ್‌ಡಿಸ್ಕ್ ಮತ್ತು ಸೀಮೆನ್ಸ್ ಸಂಸ್ಥೆಗಳು ಹೊರತಂದ ಮಲ್ಟಿಮೀಡಿಯಾ ಕಾರ್ಡಿನ ಏಳು ಪಿನ್ನುಗಳಲ್ಲಿ ದತ್ತಾಂಶವನ್ನು ಹೊರತಕ್ಕದ್ದು ಒಂದೇ ಆಗಿತ್ತು. 1999ರ ಎಸ್‌ಡಿ ಕಾರ್ಡು ನಾಲ್ಕು ದತ್ತಾಂಶ ತಂತಿಗಳಿಗೆ ಎಡೆಮಾಡಿತು. ಮಲ್ಟಿಮೀಡಿಯಾ ಕಾರ್ಡಿನ ನಾಲ್ಕನೆಯ ಆವೃತ್ತಿ ಎಂಟಕ್ಕೆ ಏರಿತು. 512 ಬೈಟುಗಳ ಒಂದು ಬ್ಲಾಕು ಒಂಟಿ ತಂತಿಯಲ್ಲಿ ಸಾಗಲು 4096 ಕ್ಲಾಕ್ ಸ್ಪಂದನಗಳು ಬೇಕಾದಲ್ಲಿ ಎಂಟು ತಂತಿಗಳಿಗೆ 512 ಸಾಕು.

ಬಸ್ಸಿನ ಈ ವಿಸ್ತಾರಕ್ಕೆ ಬೆಂಬಲವನ್ನು ಡ್ರೈವರಿಗೆ ಕೂಡಿಸುವುದೆಂದರೆ ಕಂಟ್ರೋಲರಿನ ರಿಜಿಸ್ಟರಿನಲ್ಲಿ ಒಂದು ಬಿಟ್ಟನ್ನು ಬದಲಿಸುವುದಷ್ಟೆ ಎಂದು ಮೇಲ್ನೋಟಕ್ಕೆ ತೋರುವುದು ಸಹಜ. ಆದರೆ ಕಾರ್ಡು ತನ್ನ ಸಾಮರ್ಥ್ಯವನ್ನು ತಾನೇ ಹೇಳಬಲ್ಲದು, ಕಂಟ್ರೋಲರಿನ ಸಾಮರ್ಥ್ಯ ಅದನ್ನು ರಚಿಸಿದವರಿಗೆ ವಿದಿತ. ಇವೆರಡರ ನಡುವಣ ಬೋರ್ಡಿನ ತಂತಿಗಳಿಗೆ ಮಾತ್ರ ಬಾಯಿಲ್ಲ. ಬೋರ್ಡಿನ ರಚನೆಯನ್ನು ಕರ್ನೆಲಿಗೆ ವಿವರಿಸುವ ಡಿವೈಸ್ ಟ್ರೀಯಲ್ಲಿ ಬಸ್ಸಿನ ಅಗಲ 8 ಎಂದಿದ್ದರೆ ಅದು ಬರೆದವರ ಹೇಳಿಕೆಯೇ ಹೊರತು ಬೆಸುಗೆ ಹಿಡಿದಿದೆಯೆಂಬುದಕ್ಕೆ ಪ್ರಮಾಣವಲ್ಲ. ಈ ಹೇಳಿಕೆಯನ್ನು ಪರೀಕ್ಷೆಗೊಡ್ಡಿ, ಸಲ್ಲದಿದ್ದರೆ ಕಿರಿದಾದ ಅಗಲಕ್ಕೆ ಇಳಿಯುವ ವ್ಯವಸ್ಥೆಯಿಲ್ಲದ ಡ್ರೈವರಿನ ಬೆಂಬಲ ಅಪೂರ್ಣವೆಂಬುದೇ ಪ್ರಸ್ತುತ ಲೇಖನದ ಪ್ರತಿಪಾದನೆ.

ಎಸ್‌ಡಿ ಕಾರ್ಡಿನ ಬಸ್ಸನ್ನು ಅಗಲಿಸುವ ಕ್ರಮ ಸರಳ: ಒಂದೇ ತಂತಿಯಿರುವಾಗ ಕಾರ್ಡಿನ ಸಾಮರ್ಥ್ಯವನ್ನು ತಿಳಿಸುವ ಎಸ್‌ಸಿಆರ್ ರಿಜಿಸ್ಟರನ್ನು ಓದಿ, ಸಿಎಂಡಿ55 ಎಂಬ ಆದೇಶದ ಬೆನ್ನಿಗೆ ಎಸಿಎಂಡಿ6 ಕಳುಹಿಸಿ, ಕಾರ್ಡು ಒಪ್ಪಿದ ಮೇಲೆಯೇ ಕಂಟ್ರೋಲರನ್ನು ಅಗಲಿಸತಕ್ಕದ್ದು.

ಮಲ್ಟಿಮೀಡಿಯಾ ಕಾರ್ಡಿನ ಕ್ರಮವಾದರೋ ಹೆಚ್ಚು ವಿಚಾರಯೋಗ್ಯವಾದುದು. ಎಕ್ಸ್‌ಟೆಂಡೆಡ್ ಸಿಎಸ್‌ಡಿ ಎಂಬ ಕಾರ್ಡಿನ ರಿಜಿಸ್ಟರಿನ 183ನೆಯ ಬೈಟಿನಲ್ಲಿ ಸಿಎಂಡಿ6ರ ಮೂಲಕ ಮೊದಲು ಎಂಟರ ಅಗಲವನ್ನು ಬರೆದ ಬಳಿಕ, ಸಿಎಂಡಿ19ರಿಂದ 01010101, 10101010 ಎಂಬ ವಿನ್ಯಾಸಗಳನ್ನು ಕಾರ್ಡಿಗೆ ಕಳುಹಿಸಿ, ಸಿಎಂಡಿ14ರಿಂದ ಹಿಂದಕ್ಕೆ ತರಿಸಿಕೊಳ್ಳಲಾಗುತ್ತದೆ. ಕಾರ್ಡು ಪ್ರತಿಯೊಂದು ಬಿಟ್ಟನ್ನೂ ವಿಲೋಮಗೊಳಿಸಿ ಹಿಂದಿರುಗಿಸುವುದರಿಂದ, ಒಂದೇ ಮೌಲ್ಯದಲ್ಲಿ ಸಿಲುಕಿದ ತಂತಿಯಾಗಲಿ, ಪಕ್ಕದ ತಂತಿಗೆ ತಾಗಿದ ತಂತಿಯಾಗಲಿ, ಒಡನೆಯೇ ಬಯಲಾಗುತ್ತದೆ. ವಿನ್ಯಾಸ ಕೂಡಿಬರದಿದ್ದರೆ ಲಿನಕ್ಸ್ ನಾಲ್ಕರ ಅಗಲವನ್ನು ಪ್ರಯತ್ನಿಸುತ್ತದೆ. ಇಷ್ಟು ಸ್ವಲ್ಪ ಸಾಧನದಿಂದ ಇಷ್ಟು ನಿಶ್ಚಯವನ್ನು ಪಡೆಯುವ ಯೋಜನೆ ನಿಜಕ್ಕೂ ಪ್ರಶಂಸನೀಯ.

ಈ ಪರೀಕ್ಷೆಯ ಸಾಮರ್ಥ್ಯವನ್ನು ಡ್ರೈವರು ಘೋಷಿಸದೆಡೆ, ಒಂಟಿ ತಂತಿಯಲ್ಲಿ ಓದಿಟ್ಟ ಎಕ್ಸ್‌ಟೆಂಡೆಡ್ ಸಿಎಸ್‌ಡಿಯನ್ನು ಅಗಲಿಸಿದ ಬಸ್ಸಿನಲ್ಲಿ ಮರಳಿ ಓದಿ, ಬದಲಾಗದ ಅಂಶಗಳನ್ನು ಹೋಲಿಸಲಾಗುತ್ತದೆ. ಪ್ರತಿ ತಂತಿಗೂ ದೋಷ ಪತ್ತೆಹಚ್ಚುವ 16 ಬಿಟ್ಟಿನ ಪ್ರತ್ಯೇಕ ಸಿಆರ್‌ಸಿ ಇರುವುದರಿಂದ ಸತ್ತ ತಂತಿ ಇಲ್ಲಿಯೂ ಅಡಗಿರಲಾರದು. ಆದರೂ ಇದು ಕಾರ್ಡಿನಿಂದ ಬರುವ ದಿಕ್ಕನ್ನಷ್ಟೆ ಶೋಧಿಸುತ್ತದೆ. ಕಾರ್ಡಿಗೆ ಬರೆಯುವ ದಿಕ್ಕು ಪರೀಕ್ಷಿತವಾಗದೆ ಉಳಿಯುತ್ತದೆ. ಆದ್ದರಿಂದ ಕಂಟ್ರೋಲರಿಗೆ ಶಕ್ತಿಯಿರುವೆಡೆಯೆಲ್ಲ ಡ್ರೈವರಿನ ಕರ್ತೃಗಳು ಬಸ್ ಪರೀಕ್ಷೆಯ ಸಾಮರ್ಥ್ಯವನ್ನು ಘೋಷಿಸುವುದೇ ಯುಕ್ತವಾದುದು.