ಪುಟ್ಟಿಯ ತಟ್ಟೆ ಮತ್ತು ಕ್ಲಾರಾ ಡೇವಿಸ್

ನಮ್ಮ ಪುಟ್ಟಿಗೆ ಈಗ ಎಂಟು ತಿಂಗಳು. ಹೋದ ತಿಂಗಳವರೆಗೂ ರಾಗಿ ಸರಿಗೆ ಬಾಯಿ ತೆರೆಯುತ್ತಿದ್ದವಳು ಈಗ ಚಮಚ ಕಂಡರೆ ಮುಖ ತಿರುಗಿಸುತ್ತಾಳೆ. ಮೆತ್ತಗೆ ಬೇಯಿಸಿದ ಕ್ಯಾರೆಟ್ ತುಂಡು ಮುಂದಿಟ್ಟರೆ ಮಾತ್ರ ತಾನೇ ಹಿಡಿದು ಅರ್ಧ ಬಾಯಿಗೆ, ಅರ್ಧ ತಲೆಗೆ! "ಹೀಗೆ ಬಿಟ್ರೆ ಮಗು ಸೊರಗುತ್ತೆ ಕಣೋ" ಅಂತ ಅಮ್ಮ. ಮೊನ್ನೆ ತೂಕ ನೋಡಿಸಿದರೆ ಹೆಚ್ಚೇನೂ ಏರಿರಲಿಲ್ಲ. ಡಾಕ್ಟರು ಗಾಬರಿ ಬೇಡ ಅಂದರೂ ನನಗೆ ನಿದ್ದೆ ಬರಲಿಲ್ಲ..

ಆ ರಾತ್ರಿ ಓದಿದ್ದು ಕ್ಲಾರಾ ಡೇವಿಸ್ ಎಂಬ ಅಮೆರಿಕದ ಮಕ್ಕಳ ವೈದ್ಯೆಯ ಕಥೆ. ಮಗು ಯಾವಾಗ, ಏನು, ಎಷ್ಟು ತಿನ್ನಬೇಕೆಂದು ಅಲ್ಲಿನ ವೈದ್ಯರು ಪಟ್ಟಿ ಬರೆದುಕೊಡುತ್ತಿದ್ದ ಕಾಲ ಅದು. ತಿನ್ನದಿದ್ದರೆ ಒತ್ತಾಯ. 1926ರಲ್ಲಿ ಡೇವಿಸ್ ಕ್ಲೀವ್‌ಲ್ಯಾಂಡ್‌ನ ಮೌಂಟ್ ಸೈನಾಯ್ ಆಸ್ಪತ್ರೆಯಲ್ಲಿ ಬೇರೆಯದೇ ಪ್ರಯೋಗ ಶುರುಮಾಡಿದರು. ಮುಂದೆ ಅದು ಶಿಕಾಗೋದಲ್ಲಿ ನಡೆಯಿತು. ಒಟ್ಟು 15 ಮಕ್ಕಳು, ಸೇರುವಾಗ 6ರಿಂದ 11 ತಿಂಗಳ ವಯಸ್ಸು, ಅಲ್ಲಿಯವರೆಗೆ ದೊಡ್ಡವರ ಊಟ ಕಂಡವರಲ್ಲ.

ಪಟ್ಟಿಯಲ್ಲಿ 34 ಪದಾರ್ಥ: ಹಾಲು, ಮೊಟ್ಟೆ, ಬಾಳೆಹಣ್ಣು, ಬೀಟ್‌ರೂಟ್, ಓಟ್ಸ್, ಮಾಂಸ.. ಅವುಗಳಲ್ಲಿ ಕೆಲವನ್ನು ಪ್ರತಿ ಊಟಕ್ಕೂ ಟ್ರೇಯಲ್ಲಿ ಇಡುತ್ತಿದ್ದರು. ನರ್ಸ್ ಚಮಚ ಹಿಡಿದು ಸುಮ್ಮನೆ ಕೂರಬೇಕು. ಮಗು ತೋರಿಸಿದರಷ್ಟೇ ಕೊಡಬೇಕು. ಕೈಯಲ್ಲಿ ತಿಂದರೂ, ಚೆಲ್ಲಿದರೂ ಮಾತಾಡುವಂತಿಲ್ಲ. ಮೊದಮೊದಲು ಮಕ್ಕಳು ತಟ್ಟೆ, ಚಮಚ, ಟ್ರೇಯ ಮೇಲಿನ ಕಾಗದವನ್ನೂ ಅಗಿದು ನೋಡಿದವಂತೆ. ಥೇಟ್ ನಮ್ಮ ಪುಟ್ಟಿ! :)

ಒಬ್ಬೊಬ್ಬರ ಊಟ ಒಂದೊಂದು ಥರ. ಒಂದು ಊಟಕ್ಕೆ ಬರೀ ಮೊಟ್ಟೆ, ಬಾಳೆಹಣ್ಣು, ಹಾಲು. ಇನ್ನೊಂದು ಊಟಕ್ಕೆ ಕಿತ್ತಳೆ ರಸ, ಲಿವರ್. ಆದರೂ ಎಲ್ಲರೂ ಚೆನ್ನಾಗಿ ಬೆಳೆದರು. ರಿಕೆಟ್ಸ್ ಇದ್ದ ಒಂದು ಮಗು, ಮುಂದಿಟ್ಟ ಕಾಡ್ ಲಿವರ್ ಎಣ್ಣೆಯನ್ನು ವಾಸಿಯಾಗುವವರೆಗೂ ಆಗಾಗ ತಾನೇ ಕುಡಿದು, ಆಮೇಲೆ ಬಿಟ್ಟಿತಂತೆ.

ಹಾಗಾದರೆ ಮಗುವಿಗೆ ಎಲ್ಲಾ ಗೊತ್ತೇ? ಇಲ್ಲ. 1939ರಲ್ಲಿ ಡೇವಿಸ್ ಅವರೇ ಹೇಳಿದ್ದು, ಗುಟ್ಟಿರುವುದು ಆ ಪಟ್ಟಿಯಲ್ಲಿ. ಅದರಲ್ಲಿ ಸಕ್ಕರೆಯಿಲ್ಲ, ಡಬ್ಬಿಯ ತಿಂಡಿಯಿಲ್ಲ. ಅವನ್ನೂ ಇಟ್ಟು ಪರೀಕ್ಷಿಸುವ ಆಸೆ ಅವರಿಗಿತ್ತು. ಆರ್ಥಿಕ ಕುಸಿತದಿಂದ ದುಡ್ಡು ನಿಂತು ಆಗಲಿಲ್ಲ. ಮಕ್ಕಳನ್ನು ವರ್ಷಗಟ್ಟಲೆ ಆಸ್ಪತ್ರೆಯಲ್ಲಿಟ್ಟುಕೊಳ್ಳುವ ಇಂಥ ಪ್ರಯೋಗವನ್ನು ಇವತ್ತು ಯಾರೂ ಒಪ್ಪಲಾರರು, ಅದು ಬೇರೆ ಮಾತು.

ಬೆಳಿಗ್ಗೆ ಅಮ್ಮನಿಗೆ ಕಥೆ ಹೇಳಿದೆ. ಈಗ ನಮ್ಮನೆಯಲ್ಲೊಂದು ಒಪ್ಪಂದ: ತಟ್ಟೆಯಲ್ಲಿ ಏನಿರಬೇಕು ಅನ್ನೋದು ಅಜ್ಜಿಯ ಲೆಕ್ಕ, ಎಷ್ಟು ತಿನ್ನಬೇಕು ಅನ್ನೋದು ಪುಟ್ಟಿಯ ಲೆಕ್ಕ. ಪಕ್ಕದಲ್ಲಿ ಕೂತು ಗಂಟಲಿಗೆ ಸಿಕ್ಕದಂತೆ ನೋಡಿಕೊಳ್ಳುವುದು, ಆಮೇಲೆ ನೆಲ ಒರೆಸುವುದು ನನ್ನ ಕೆಲಸ. ಇವತ್ತು ಇಡ್ಲಿ ತುಂಡು ತಾನೇ ಬಾಯಿಗಿಟ್ಟಳು. ಅಮ್ಮ ಏನೂ ಅನ್ನಲಿಲ್ಲ, ನೋಡ್ತಾ ಕೂತಿದ್ದರು.

ನಿಮ್ಮನೆ ಪುಟಾಣಿಗಳ ಕಥೆಯೇನು?